ಕೊಟ್ಟ ಹಸಿವು

ರಕ್ತ ಕೊಡುವ ಹಾಗೆ ಹಸಿವನ್ನೂ ಕೊಡಬಹುದಾಗಿದ್ದ ಕಾಲ ಅದು. ಬಸ್ ಕಂಡಕ್ಟರ್ ಓಬಳೇಶ ಬೆಳಗಿನಿಂದ ಏನೂ ತಿನ್ನದೆ ತನ್ನ ಮುದಿ ಬೆಕ್ಕು ಕೆಂಚಿಯನ್ನು ಎತ್ತಿಕೊಂಡು ಪಶು ಆಸ್ಪತ್ರೆಗೆ ಬಂದ. ಕೆಂಚಿ ಹಾಲು ಮುಟ್ಟುತ್ತಿರಲಿಲ್ಲ, ಮೀನನ್ನು ಮೂಸಿಯೂ ನೋಡುತ್ತಿರಲಿಲ್ಲ. ಮೈಯೆಲ್ಲ ಎಲುಬಾಗಿತ್ತು.

ಡಾಕ್ಟರ್ ನಸ್ರೀನ್ ಇಬ್ಬರಿಗೂ ಹಸಿವು ದಾಟಿಸುವ ಯಂತ್ರದ ಪಟ್ಟಿ ಕಟ್ಟಿ ಗುಂಡಿ ಒತ್ತಿದರು. ಓಬಳೇಶನ ಹಸಿವು ಮೆಲ್ಲಗೆ ಇಳಿಯಿತು. ಕೆಂಚಿ ತಲೆಯೆತ್ತಿ ಬಟ್ಟಲಲ್ಲಿದ್ದ ಮೀನನ್ನೆಲ್ಲ ಗಬಗಬನೆ ತಿಂದಿತು. ಅವನು ಎಷ್ಟೋ ದಿನಗಳ ಮೇಲೆ ನಕ್ಕ.

ಸ್ವಲ್ಪ ಹೊತ್ತಿಗೆ ಅದು ತಿಂದದ್ದನ್ನೆಲ್ಲ ಕಕ್ಕಿತು. ಮತ್ತೆ ಖಾಲಿ ಬಟ್ಟಲು ನೆಕ್ಕುತ್ತ ಅರಚತೊಡಗಿತು.

“ಕಿಡ್ನಿ ಪೂರ್ತಿ ಹೋಗಿದೆ, ಓಬಳೇಶ್. ಹಸಿವು ಕೊಡಬಹುದು, ದಕ್ಕಿಸಿಕೊಳ್ಳೋ ಶಕ್ತಿ ಕೊಡೋಕಾಗಲ್ಲ” ಎಂದರು ಡಾಕ್ಟರ್.

“ಹಂಗಾದ್ರೆ ಹಿಂಗೇ ಹಸ್ಕೊಂಡಿರ್ತಾಳಾ?”

“ನಿಮ್ಮ ಹಸಿವು ಅವಳಲ್ಲಿರೋ ತನಕ.”

ಓಬಳೇಶ ಅದರ ಬೆನ್ನು ಸವರಿದ. ಆಮೇಲೆ, “ನನ್ನ ಹಸಿವು ನಂಗೇ ವಾಪಸ್ ಕೊಡಿ ಮೇಡಂ” ಎಂದ.

ಯಂತ್ರ ಮತ್ತೆ ಗುಂಯ್‌ಗುಟ್ಟಿತು. ಕೆಂಚಿಯ ಅರಚಾಟ ನಿಂತಿತು. ಅದು ಅವನ ತೋಳಿನಲ್ಲಿ ಮುದುಡಿ ನಿದ್ದೆಹೋಯಿತು.

ಹೊರಗೆ ಬಂದಾಗ ಅವನಿಗೆ ಕಣ್ಣು ಕತ್ತಲೆ ಬರುವಷ್ಟು ಹಸಿವು. ಗೇಟಿನೆದುರಿನ ಗಾಡಿಯಲ್ಲಿ ಮಂಡಕ್ಕಿ, ಮಿರ್ಚಿ ಕೇಳಿದ. ಮಲಗಿದ್ದ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ತಟ್ಟೆ ಖಾಲಿ ಮಾಡಿ, ಇನ್ನೊಂದು ತಟ್ಟೆ ಹಾಕಿಸಿಕೊಂಡ.

ಗಾಡಿಯ ಹೆಂಗಸು ಬಗ್ಗಿ ನೋಡಿದಳು. “ಪಾಪ, ಬೆಕ್ಕಿಗೊಂದಿಷ್ಟು ಹಾಲು ಕೊಡ್ಲೇನಣ್ಣ?”

“ಬ್ಯಾಡಕ್ಕ” ಎಂದ ಓಬಳೇಶ, “ಅವಳಿಗೆ ಹಸಿವಿಲ್ಲ.”