ಶಿಖರದ ತುಂಡು

ಮಗಳಿಗೆಂದು ನನ್ನ ಹಳೆಯ ಜಿಗ್ಸಾ ಪಝಲ್ ಡಬ್ಬ ತೆರೆದೆ. ನೆನೆದು ಒಣಗಿದ ರಟ್ಟಿನ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ, ಅಮೆರಿಕದ ಕೆಂಡಲ್ ಪಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ಒಂದು ಮಧ್ಯಾಹ್ನ ಅಪ್ಪನೂ ನಾನೂ ಬಂಡೆಗಲ್ಲಿನ ಬೆಟ್ಟವೊಂದನ್ನು ಜೋಡಿಸುತ್ತಿದ್ದೆವು. ಎಲ್ಲ ತುಂಡುಗಳೂ ಒಂದೇ ಬೂದು ಬಣ್ಣ. ನನಗೆ ಸಿಟ್ಟು ಬರುತ್ತಿತ್ತು.

"ಬಾರ್ಡರ್ ಈ ಬೆಟ್ಟದ ತುದಿ ಮೇಲೇ ಹೋಗತ್ತೆ. ಆ ಕಡೆ ಕೆನಡಾ," ಎಂದರು ಅಪ್ಪ.

"ಕ್ಯಾನ್ ವಿ ಗೋ?"

"ಹೋಗಬಹುದು ಪುಟ್ಟಿ. ಆದ್ರೆ ನಮ್ಮ ವೀಸಾ ಸ್ಟ್ಯಾಂಪ್ ಮುಗಿದಿದೆ, ಈ ದೇಶ ಬಿಟ್ಟು ಹೋದ್ರೆ ವಾಪಸ್ ಒಳಗೆ ಬಿಡಲ್ಲ."

ಅಷ್ಟರಲ್ಲಿ ಮೈಸೂರಿನಿಂದ ಫೋನ್ ಬಂತು. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ತೀರಿಕೊಂಡಿದ್ದರು. ಅಮ್ಮ ಪಾಸ್‌ಪೋರ್ಟ್ ತೆಗೆದು ಅಪ್ಪನ ಮುಖ ನೋಡಿದಳು. ಅಪ್ಪ ಕಣ್ಣೆತ್ತಲಿಲ್ಲ. ಅಮ್ಮ ಪಾಸ್‌ಪೋರ್ಟನ್ನು ಮತ್ತೆ ಡ್ರಾಯರಿನಲ್ಲಿಟ್ಟು, ಸಾವಿನ ಸುದ್ದಿ ಕೇಳಿದವರು ಮಾಡುವಂತೆ, ತೊಟ್ಟ ಬಟ್ಟೆಯಲ್ಲೇ ಟಬ್ಬಿನಲ್ಲಿ ನಿಂತು ತಲೆಗೆ ನೀರು ಸುರಿದುಕೊಂಡಳು.

ಒದ್ದೆ ಸ್ವೆಟ್‌ಶರ್ಟಿನಲ್ಲೇ ಬಂದು ನಮ್ಮ ಪಕ್ಕ ಕೂತಳು.

"ಬಟ್ಟೆ ಬದಲಾಯಿಸ್ಕೋ, ಶೀತ ಆಗತ್ತೆ," ಎಂದರು ಅಪ್ಪ.

ಅಮ್ಮ ಶಿಖರದ ತುದಿಯ ತುಂಡನ್ನು ಹುಡುಕಿ ಮುಷ್ಟಿಯಲ್ಲಿ ಹಿಡಿದಳು. ಕೂದಲಿನ ನೀರು ಆ ಮುಷ್ಟಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಕತ್ತಲಾಗುವವರೆಗೂ ಅವಳು ಅದನ್ನು ಬಿಡಲಿಲ್ಲ.

ಇವತ್ತು ಮಗಳು ಬೆಟ್ಟವನ್ನೆಲ್ಲ ಜೋಡಿಸಿದಳು. ತುದಿಯ ತುಂಡು ಮಾತ್ರ ಉಬ್ಬಿಕೊಂಡಿದೆ. ಎಷ್ಟು ಒತ್ತಿದರೂ ಅದು ತನ್ನ ಜಾಗದೊಳಗೆ ಹೋಗಲಿಲ್ಲ.