ಲಿಫ್ಟಿನ ಪ್ರಶ್ನೆ

ಇಪ್ಪತ್ತು ವರ್ಷಗಳಿಂದ ಆ ಕಟ್ಟಡದ ನೀರು, ಕರೆಂಟು, ಲಿಫ್ಟು ಎಲ್ಲವನ್ನೂ ನೋಡಿಕೊಂಡಿದ್ದ ಗೂಳಯ್ಯನಿಗೆ ಮಾಲೀಕರು ಹೇಳಿಬಿಟ್ಟಿದ್ದರು: ಕಟ್ಟಡ ನಿರ್ವಹಣೆಯ ಡಿಪ್ಲೊಮಾ ಪಾಸಾಗದಿದ್ದರೆ ಮುಂದಿನ ತಿಂಗಳಿಂದ ಕೆಲಸವಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಅವನು ಆಗಲೇ ಎರಡು ಸಲ ಫೇಲಾಗಿದ್ದ. ಎರಡೂ ಸಲ ಒಂದೇ ಪ್ರಶ್ನೆ: ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಏನು ಮಾಡುತ್ತೀರಿ? ಎರಡೂ ಸಲ ಅವನದು ಒಂದೇ ಉತ್ತರ: "ಕೀಲಿ ಹಾಕಿ ಬಾಗ್ಲು ತೆಗೀತೀನಿ ಸಾರ್."

ಮೂರನೆಯ ಸಲ ಅದೇ ಪರೀಕ್ಷಕರು ಅವನ ಕಟ್ಟಡಕ್ಕೇ ಬಂದರು. ಬಂದವರು ಲಿಫ್ಟಿನಲ್ಲಿ ಸಿಕ್ಕಿಕೊಂಡರು.

"ಗೂಳಯ್ಯ, ಕೀಲಿ ಇದೆಯೇನ್ರೀ?" ಒಳಗಿಂದ ಕೂಗಿದರು.

"ಜೇಬಲ್ಲೇ ಇದೆ ಸಾರ್."

"ಮತ್ತೆ ತೆಗೀರಿ!"

"ಪರೀಕ್ಷೆ ಶುರುವಾಯ್ತಾ ಸಾರ್?"

"ಅಯ್ಯೋ, ಆಯ್ತು ಅಂದ್ಕೊಳ್ರೀ!"

ಮಗಳು ಬಾಯಿಪಾಠ ಮಾಡಿಸಿದ್ದನ್ನು ಗೂಳಯ್ಯ ಕಣ್ಣು ಮುಚ್ಚಿ ಒಪ್ಪಿಸಿದ: "ಮೊದಲು ದೂರು ದಾಖಲಿಸಬೇಕು. ದೂರಿಗೆ ಸಂಖ್ಯೆ ಕೊಡಬೇಕು. ಲಿಫ್ಟ್ ಕಂಪನಿಯ ತಂತ್ರಜ್ಞರಿಗೆ ತಿಳಿಸಬೇಕು. ಅವರು ಬರುವವರೆಗೆ ನಿರ್ವಾಹಕರು ಯಾವ ಕಾರಣಕ್ಕೂ ಬಾಗಿಲು ಮುಟ್ಟಬಾರದು."

ಒಳಗೆ ಪರೀಕ್ಷಕರು ಹಾಳೆ ಬಿಡಿಸಿದ ಸದ್ದು ಕೇಳಿಸಿತು.

"ಪೂರ್ತಿ ಸರಿ ಕಣ್ರೀ. ಪಾಸ್ ಮಾಡಿದೀನಿ, ತಗೊಳ್ಳಿ," ಎಂದು ಸಹಿ ಹಾಕಿದ ಹಾಳೆಯನ್ನು ಬಾಗಿಲ ಸಂದಿಯಿಂದ ಹೊರಗೆ ತೂರಿಸಿದರು. "ಈಗ್ಲಾದ್ರೂ ತೆಗೀರಪ್ಪಾ."

ಗೂಳಯ್ಯ ಹಾಳೆಯನ್ನು ಕಣ್ಣಿಗೊತ್ತಿಕೊಂಡು, ಮಡಚಿ, ಕೀಲಿಯಿದ್ದ ಜೇಬಿಗೇ ಇಟ್ಟುಕೊಂಡ.

"ಫೇಲಾಗಿದ್ದಿದ್ರೆ ತೆಗೀತಿದ್ದೆ ಸಾರ್. ನಿಮ್ಮ ದೂರಿನ ಸಂಖ್ಯೆ ಒಂದು."