ಹಗೇವಿನಲ್ಲಿ ಬಿಯರು

ರಂಗನಾಯಕ ಲಾಟೀನಿಗೆ ಹಗ್ಗ ಕಟ್ಟಿ ಹಗೇವಿನೊಳಗೆ ಇಳಿಬಿಟ್ಟ. ದೀಪ ಆರಲಿಲ್ಲ, ಒಳಗೆ ಉಸಿರಾಡಬಹುದು. ಅಜ್ಜನ ಕಾಲದಲ್ಲಿ ರಾಗಿ ತುಂಬಿಡುತ್ತಿದ್ದ ಹಿತ್ತಲಿನ ಆ ನೆಲಗುಂಡಿ ಬರಿದಾಗಿ ಎಷ್ಟೋ ವರ್ಷಗಳಾಗಿದ್ದವು. ಟವೆಲಿನಲ್ಲಿ ಸುತ್ತಿದ ಕಪ್ಪು ಬಾಟಲಿಗಳನ್ನು ಎದೆಗವಚಿಕೊಂಡು ಅವನು ಏಣಿ ಇಳಿಯುತ್ತಿರುವಾಗ ಹೆಂಡತಿ ಪುಟ್ಟಮಾದಮ್ಮ ಮೇಲಿನಿಂದ ಬಗ್ಗಿ ನೋಡಿದಳು.

“ಇದೇನ ನೀವು ಮಾಡ್ತಿರದು?”

“ಬಿಯರ್ ಕಣಮ್ಮಿ. ಬೆಲ್ಜಿಯಂ ದೇಸದ್ದು. ಮಾಗಾಕೆ ಮಡಗ್ತಾ ಇವ್ನಿ.”

“ಮಾಗಾಕೆ ಅದೇನು ರಸಬಾಳೆ ಗೊನೆಯಾ?”

ಮೈಸೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ರಂಗನಾಯಕನಿಗೆ ಅದನ್ನು ಕೊಟ್ಟವನು ಸೋಮನಾಥಪುರ ನೋಡಲು ಬಂದಿದ್ದ ಒಬ್ಬ ಬಿಳಿಯ ಮುದುಕ. ತನ್ನೂರಿನ ಪುಟ್ಟ ಭಟ್ಟಿಯಲ್ಲಿ ಮಾಡಿದ್ದು, ಬಲು ಖಡಕ್ಕು, ತಣ್ಣನೆಯ ಕತ್ತಲಲ್ಲಿ ಹತ್ತು ವರ್ಷ ಇಟ್ಟರೆ ಒಣದ್ರಾಕ್ಷಿಯ ರುಚಿ ಬರುತ್ತದೆ ಎಂದು ಅವನು ದಾರಿಯುದ್ದಕ್ಕೂ ಹೇಳಿದ್ದ. ಕುಡಿಯುವುದನ್ನು ಕುಡಿಯದೆ ಕಾಯುವವರೂ ಲೋಕದಲ್ಲಿದ್ದಾರೆ ಎಂಬುದು ರಂಗನಾಯಕನಿಗೆ ದೊಡ್ಡ ಸೋಜಿಗವಾಗಿತ್ತು.

ಅವನ ಊರು ಹೆಮ್ಮಿಗೆಯಲ್ಲಿ ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಮರುದಿನವೇ ಪಕ್ಕದ ಬೀದಿಯ ಬೆಟ್ಟಯ್ಯ ಬಂದ. ಸಂಜೆಯಾದರೆ ಗೋಡೆ ಹಿಡಿದು ಮನೆ ಸೇರುವ ಮನುಷ್ಯ ಆವತ್ತು ನೆಟ್ಟಗೆ ನಿಂತಿದ್ದ. ಕೈಯಲ್ಲಿ ನರಸೀಪುರದ ಬಾರಿನಿಂದ ತಂದ ಒಂದು ಬಿಯರ್ ಬಾಟಲಿ.

“ನಂದೂ ಒಂದು ಮಡಗು ಕಣ್ಲಾ ರಂಗ.”

“ಬೆಟ್ಟಣ್ಣ, ಎಲ್ಲಾ ಬಿಯರೂ ಮಾಗಕಿಲ್ಲ. ಅದು ಸ್ಟ್ರಾಂಗಾಗಿರ್ಬೇಕಂತೆ.”

“ಓದ್ಲಾ. ‘ಸ್ಟ್ರಾಂಗ್’ ಅಂತ್ಲೇ ಬರ್ದವ್ರೆ.”

“ಆರು ತಿಂಗ್ಳೊಳಗೆ ಕುಡೀಬೇಕು ಅಂತ್ಲೂ ಬರ್ದವ್ರಲ್ಲ?”

“ಅದು ಕಂಪ್ನಿಯೋರ ಆತ್ರ ಕಣ್ಲಾ. ನಮ್ಗೇನು ಆತ್ರ?”

ಬೆಟ್ಟಯ್ಯನ ಹಿಂದೆ ಇನ್ನೊಬ್ಬ ಬಂದ, ಅವನ ಹಿಂದೆ ಮತ್ತೊಬ್ಬ. ಆ ವರ್ಷದ ದೀಪಾವಳಿ ಹೊತ್ತಿಗೆ ಊರಿನ ಕುಡುಕರೆಲ್ಲರ ಬಾಟಲಿಗಳೂ ಹಗೇವಿನ ಮರಳಿನಲ್ಲಿ ಸಾಲಾಗಿ ನಿಂತಿದ್ದವು. ನಿಯಮ ಮಾಡಿದವನು ಬೆಟ್ಟಯ್ಯನೇ: ಬಾಟಲಿ ಇಟ್ಟವನು ಹೊರಗೆಲ್ಲೂ ಕುಡಿಯುವಂತಿಲ್ಲ. ದಿನಾ ಕುಡಿದು ನಾಲಿಗೆ ಕೆಡಿಸಿಕೊಂಡರೆ ನಾಳೆ ಮಾಗಿದ್ದರ ರುಚಿ ತಿಳಿಯುವುದು ಹೇಗೆ? ಇದು ಎಲ್ಲರಿಗೂ ನ್ಯಾಯವಾಗಿಯೇ ಕಂಡಿತು. ಸಂಜೆ ಅವರೆಲ್ಲ ಹಿತ್ತಲಿನಲ್ಲಿ ಕೂತು, ಒಣದ್ರಾಕ್ಷಿ ತಿಂದವರಿಂದ ಅದರ ರುಚಿ ಕೇಳಿ ತಿಳಿದುಕೊಂಡು, ಊಟದ ಹೊತ್ತಿಗೆ ನೇರವಾಗಿ ನಡೆದು ಮನೆಗೆ ಹೋಗುತ್ತಿದ್ದರು. ಬೆಟ್ಟಯ್ಯನ ಹೆಂಡತಿ ಮುದ್ದಮ್ಮ ಸೋಮವಾರ ಸೋಮವಾರ ಬಂದು ಹಗೇವಿನ ಮುಚ್ಚುಕಲ್ಲಿಗೆ ಕುಂಕುಮ ಹಚ್ಚಿ ಹೋಗುತ್ತಿದ್ದಳು.

ಮೂರನೆಯ ಬೇಸಿಗೆಯ ಒಂದು ಮಧ್ಯಾಹ್ನ ನೆಲದೊಳಗೆ ಢಬ್ ಎಂದಿತು. ಯಾವುದೋ ಬಾಟಲಿ ಸಿಡಿದಿತ್ತು. ಊಟ ಬಿಟ್ಟು ಎದ್ದ ಗಂಡಸರೆಲ್ಲ ಹಿತ್ತಲಿಗೆ ಓಡಿಬಂದರು.

“ಎಲ್ಲಾ ಕೆಟ್ಟೋಗದೆ ಕಣ್ಲಾ,” ಎಂದು ಒಬ್ಬ ಕೂಗಿದ. “ನಮ್ಮನ್ನ ಮಂಗ ಮಾಡ್ಬುಟ್ಟ ಈ ರಂಗ. ಒಂದು ರುಚಿ ನೋಡಾನ. ಕೆಟ್ಟಿದ್ರೆ ಈಗ್ಲೇ ನರಸೀಪುರದ ಬಸ್ ಅತ್ತಾನ.”

ಬಸ್ಸಿನ ಮಾತು ಬಂದದ್ದೇ ತಡ, ಎಲ್ಲರ ಗಂಟಲೂ ಒಮ್ಮೆಲೇ ಒಣಗಿದಂತಾಯಿತು. ರುಚಿ ನೋಡುವ ಕೆಲಸ ಹಿರಿಯನಾದ ಬೆಟ್ಟಯ್ಯನ ಪಾಲಿಗೆ ಬಂತು. ರಂಗನಾಯಕ ಇಳಿದು ಅವನ ಬಾಟಲಿಯನ್ನೇ ಮೇಲೆ ತಂದ. ಪುಟ್ಟಮಾದಮ್ಮ ಅದನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿದಳು. ನೊರೆ ಬರಲಿಲ್ಲ. ಮಳೆಯಲ್ಲಿ ನೆನೆದ ರಟ್ಟಿನ ವಾಸನೆ ಮೂಗಿಗೆ ಬಡಿದು, ಅವಳು ಮುಖ ತಿರುಗಿಸಿಕೊಂಡೇ ಲೋಟ ಕೊಟ್ಟಳು.

ಬೆಟ್ಟಯ್ಯ ಒಂದು ಗುಟುಕು ಕುಡಿದ. ಅವನ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಬಲಗಣ್ಣಿಗೆ ಬೇಲಿಯ ಆಚೆ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದ ಮುದ್ದಮ್ಮ ಕಂಡಳು. ಅವನು ಲೋಟವನ್ನು ಮತ್ತೆ ತುಟಿಗಿಟ್ಟು, ಕೆಳಗಿಳಿಸದೆ, ತಳದ ತನಕ ಕುಡಿದು ಮುಗಿಸಿದ.

“ಎಂಗದೆ ಬೆಟ್ಟಣ್ಣ?” ರಂಗನಾಯಕ ಕೇಳಿದ.

ಬೆಟ್ಟಯ್ಯ ಮೀಸೆ ಒರೆಸಿಕೊಂಡು, ಬಂದ ತೇಗನ್ನು ಹಲ್ಲು ಕಚ್ಚಿ ನುಂಗಿದ.

“ಬಲೇ ಎಳೇದು ಕಣ್ರಲಾ,” ಅಂದ. “ಮುಚ್ಚಿ, ಮುಚ್ಚಿ. ಇನ್ನೊಂದ್ ಅತ್ತೊರ್ಸ ಬೇಕು.”